ಮೂವತ್ತು ವರ್ಷದ ಮೇಲೆ ಮತ್ತೆ ಆಲಿಸ್ ಓದಿದೆ. ಈಗ ‘ನೀತಿ’ ಕಾಲಮ್ಮಿನಲ್ಲಿ ಏನು ಬರೆಯಲಿ?

ಅಟ್ಟದ ಪೆಟ್ಟಿಗೆ

ಹೋದ ತಿಂಗಳು ಅಮ್ಮನ ಮನೆಯ ಅಟ್ಟ ಗುಡಿಸುವಾಗ ನನ್ನ ಹಳೆಯ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಸಿಕ್ಕಿತು. ನಾಲ್ಕನೇ ಕ್ಲಾಸಿನಲ್ಲಿ ಭಾಷಣ ಸ್ಪರ್ಧೆಗೆ ಬಂದ ಬಹುಮಾನ. ರಟ್ಟು ಕಿತ್ತುಹೋಗಿದೆ, ಅಪ್ಪ ಗೋಂದು ಹಚ್ಚಿ ಅಂಟಿಸಿದ್ದ ಖಾಕಿ ಕಾಗದ ಮಾತ್ರ ಹಾಗೇ ಇದೆ. ನೂರು ಪುಟವೂ ಇಲ್ಲ. ಅದೇ ಇಡೀ ಪುಸ್ತಕ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ!

ಮಗಳಿಗೆ ಈಗ ಏಳು ವರ್ಷ. ಕಥೆಯ ಹುಡುಗಿಗೂ ಹೆಚ್ಚು ಕಡಿಮೆ ಅಷ್ಟೇ. ಎರಡನೇ ಆಲಿಸ್ ಪುಸ್ತಕದಲ್ಲಿ ಅವಳೇ ತನಗೆ ಏಳೂವರೆ ಅನ್ನುತ್ತಾಳೆ. ಸರಿ, ಈ ಸಲ ಚಿಕ್ಕದು ಬೇಡ ಅಂತ ಪೂರ್ತಿ ಪುಸ್ತಕ ತರಿಸಿದೆ. ಹನ್ನೆರಡು ಅಧ್ಯಾಯ, ಹನ್ನೆರಡು ರಾತ್ರಿ. ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ.

ನನ್ನ ನೆನಪಿನಲ್ಲಿ ಇದ್ದದ್ದು ಮೊಲ, ಪುಟ್ಟ ಬಾಗಿಲು, ತಿಂದರೆ ಉದ್ದ ಆಗುವ ಕೇಕು. ಮಾಯಾಲೋಕ. ಈಗ ಓದಿದರೆ ಅದು ಮಾಯಾಲೋಕಕ್ಕಿಂತ ಜಾಸ್ತಿ ನಮ್ಮ ನೆಂಟರ ಮನೆ ಥರ ಇದೆ. ಹೋದಲ್ಲೆಲ್ಲ ಯಾರೋ ದೊಡ್ಡವರು ಕೂತಿರುತ್ತಾರೆ. ನೀನು ಯಾರು ಅಂತ ಕೇಳುತ್ತಾರೆ. ಎಲ್ಲಿ, ಒಂದು ಪದ್ಯ ಹೇಳು ಅನ್ನುತ್ತಾರೆ. ಹೇಳಿದರೆ ತಪ್ಪು ಹುಡುಕುತ್ತಾರೆ. ಕಂಬಳಿಹುಳು ಕೂಡ ಹುಕ್ಕಾ ಸೇದುತ್ತಾ ಪದ್ಯ ಒಪ್ಪಿಸು ಅನ್ನುತ್ತೆ. ಪಾಪ, ಆ ಮಗುವಿನ ಬಾಯಿಗೆ ಒಂದು ಪದ್ಯವೂ ಸರಿಯಾಗಿ ಬರಲ್ಲ. ನನ್ನ ಹಳೆಯ ಪುಸ್ತಕದಲ್ಲಿ ಈ ಪದ್ಯಗಳನ್ನೇ ಕಿತ್ತುಹಾಕಿದ್ದರು.

ಇಲಿಯ ಕಥೆ ಬರುವ ಪುಟ ನೆನಪಿದೆಯಾ? ಪದ್ಯವನ್ನು ಬಾಲದ ಆಕಾರದಲ್ಲಿ ಅಂಕುಡೊಂಕಾಗಿ ಅಚ್ಚು ಹಾಕಿದ್ದಾರೆ. ಕೆಳಗೆ ಹೋಗ್ತಾ ಅಕ್ಷರ ಸಣ್ಣದಾಗುತ್ತಾ ಬಾಲದ ತುದಿಯಲ್ಲಿ ಸಾಸಿವೆ ಕಾಳಿನಷ್ಟಾಗುತ್ತೆ. ಮಗಳು ಪುಸ್ತಕ ಕಿತ್ತುಕೊಂಡು, ಬೆರಳಿಟ್ಟು ಮೇಲಿಂದ ಕೆಳಗೆ ಬಾಲ ಸವರಿದಳು. ಮತ್ತೆ ಕೆಳಗಿಂದ ಮೇಲೆ. ಓದಲೇ ಇಲ್ಲ.

ಸಮಸ್ಯೆ ಏನಂದರೆ, ಅವಳ ಶಾಲೆಯಲ್ಲಿ ಓದಿದ ಪುಸ್ತಕಕ್ಕೆಲ್ಲ ಒಂದು ನೋಟ್‌ಬುಕ್ ಇದೆ. ಪುಸ್ತಕದ ಹೆಸರು, ಬರೆದವರು, ಇಷ್ಟವಾದ ಪಾತ್ರ, ಕೊನೆಗೆ ‘ಕಥೆಯ ನೀತಿ’. ಮೂರು ತುಂಬಿಸಿದ್ದಾಳೆ. ನಾಲ್ಕನೆಯದಕ್ಕೆ ಬಂದು ಪೆನ್ಸಿಲ್ ಕಚ್ಚುತ್ತಾ ಕೂತಿದ್ದಾಳೆ. “ಅಮ್ಮ, ನೀತಿ ಏನು?”

ನನಗೂ ಹೊಳೀತಿಲ್ಲ. ಸೋಮವಾರ ಕೊಡಬೇಕು. ಹೇಳಿ.

ಮೂರನೇ ಬೆಂಚು

ನೀತಿ: ಗೊತ್ತಿಲ್ಲದ ಬಾಟಲಿ ಕುಡಿಯಬಾರದು.

ರದ್ದಿ ಅಂಗಡಿ

ಅದಕ್ಕೂ ಲೇಖಕ ಉತ್ತರ ಇಟ್ಟಿದ್ದಾನೆ. ಬಾಟಲಿ ಮೇಲೆ ‘ವಿಷ’ ಅಂತ ಬರೆದಿದೆಯಾ ಅಂತ ಆಲಿಸ್ ಮೊದಲು ನೋಡುತ್ತಾಳೆ. ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಕುಡಿಯುತ್ತಾಳೆ. ದೊಡ್ಡವರ ಮಾತು ಕೇಳದೆ ಸುಟ್ಟುಕೊಂಡ ಮಕ್ಕಳ ಕಥೆಗಳನ್ನು ಓದಿ ಓದಿ ಆ ಹುಡುಗಿ ಹಾಗಾಗಿದ್ದಾಳೆ. ಆ ಕಾಲದ ಇಂಗ್ಲೆಂಡಿನಲ್ಲಿ ಮಕ್ಕಳ ಪುಸ್ತಕ ಅಂದರೆ ಬಹುಪಾಲು ಅದೇ ಆಗಿತ್ತು. ಐಸಾಕ್ ವಾಟ್ಸ್ ಅನ್ನೋ ಪಾದ್ರಿ 1715ರಲ್ಲಿ ಬರೆದ ಒಂದು ಪದ್ಯ ಎಲ್ಲ ಮಕ್ಕಳಿಗೂ ಬಾಯಿಪಾಠ. ಜೇನುಹುಳು ನೋಡು, ಹೊತ್ತು ಹಾಳು ಮಾಡದೆ ದುಡಿಯುತ್ತೆ, ನೀನೂ ಹಾಗಿರು ಅಂತ. ಆಲಿಸ್ ಅದನ್ನೇ ಹೇಳಲು ಹೋಗುತ್ತಾಳೆ. ಜೇನುಹುಳುವಿನ ಜಾಗಕ್ಕೆ ಮೊಸಳೆ ಬಂದುಬಿಡುತ್ತೆ! ನಗುತ್ತಾ ಬಾಯಿ ತೆರೆದು ಪುಟ್ಟ ಮೀನುಗಳನ್ನು ಒಳಗೆ ಕರೆಯುತ್ತೆ.

ನಮ್ಮ ಗೋವಿನ ಹಾಡಿನ ಹುಲಿ ಹಾರಿ ಪ್ರಾಣ ಬಿಡದೆ, ಪುಣ್ಯಕೋಟಿಯನ್ನು ಬನ್ನಿ ಕೂತ್ಕೊಳ್ಳಿ ಅಂತ ಮರ್ಯಾದೆಯಿಂದ ಕರೆದು ತಿಂದ ಹಾಗೆ. ಅದನ್ನು ಓದಿದ ಆ ಕಾಲದ ಮಕ್ಕಳು ಹೇಗೆ ನಕ್ಕಿರಬೇಕು ಯೋಚನೆ ಮಾಡಿ. ನಮಗೆ ಮೂಲ ಪದ್ಯ ಗೊತ್ತಿಲ್ಲ, ಅದಕ್ಕೇ ಬರೀ ವಿಚಿತ್ರ ಅನ್ನಿಸುತ್ತೆ. ಸಂಕ್ಷಿಪ್ತ ಮಾಡುವವರು ಪದ್ಯ ಕಿತ್ತಿದ್ದರೆ ಕಥೆಯ ಅರ್ಧ ಜೀವವನ್ನೇ ಕಿತ್ತ ಹಾಗೆ.

ಗುಬ್ಬಚ್ಚಿ ಗೂಡು

ನಾನು ಅಪಸ್ವರ ಎತ್ತುತ್ತೀನಿ, ಬೈಯಬೇಡಿ. ನನಗೆ ಈ ಪುಸ್ತಕ ಆಗಲೂ ಇಷ್ಟ ಆಗಿರಲಿಲ್ಲ, ಹೋದ ವರ್ಷ ಮತ್ತೆ ಓದಿದಾಗಲೂ ಇಲ್ಲ. ಕಥೆ ಎಲ್ಲಿದೆ? ಒಂದು ಘಟನೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಯಾರೂ ಆ ಮಗುವಿನ ಹತ್ರ ಒಂದು ಪ್ರೀತಿಯ ಮಾತಾಡಲ್ಲ. ಡಚೆಸ್ ಮನೆಯ ಅಡುಗೆಮನೆ ನೆನಪಿದೆಯಾ? ಮೆಣಸಿನ ಘಾಟು, ಅಡುಗೆಯವಳು ಪಾತ್ರೆ ಎಸೆಯುತ್ತಾಳೆ, ಕೂಸು ಕಿರುಚುತ್ತೆ, ಆಮೇಲೆ ಆ ಕೂಸು ಹಂದಿ ಆಗುತ್ತೆ. ಎಂಟನೇ ವಯಸ್ಸಿನಲ್ಲಿ ಅದನ್ನು ಓದಿ ನಾನು ತೊಟ್ಟಿಲಲ್ಲಿದ್ದ ನನ್ನ ತಮ್ಮನ ಮುಖ ಹೋಗಿ ಹೋಗಿ ನೋಡುತ್ತಿದ್ದೆ. ತಮಾಷೆ ಅಲ್ಲ. ಆ ರಾಣಿಯಂತೂ ಬಾಯಿ ತೆಗೆದರೆ ತಲೆ ಕಡಿಯಿರಿ.

ಕೊನೆಗೆ ಎಲ್ಲ ಕನಸು! ನಮ್ಮ ಕನ್ನಡ ಟೀಚರ್ ಪ್ರಬಂಧದಲ್ಲಿ ‘ಎಚ್ಚರವಾಯಿತು, ಅದೆಲ್ಲ ಕನಸಾಗಿತ್ತು’ ಅಂತ ಬರೆದರೆ ಎರಡು ಮಾರ್ಕು ಕಳೆಯುತ್ತಿದ್ದರು.

ಅಟ್ಟದ ಪೆಟ್ಟಿಗೆ

ಅಯ್ಯೋ, ತಮ್ಮನ ಮುಖ! ನಗಬಾರದು, ಆದರೂ ನಗು ಬಂತು.

ಭಯದ ವಿಷಯ ನಿಜ. ನಾನೂ ರಾಣಿ ಬಂದಾಗ ದನಿ ತಗ್ಗಿಸಿದ್ದೆ. ಮಗಳು ಕೇಳಿದಳು, “ಒಟ್ಟು ಎಷ್ಟು ತಲೆ ಕಡಿದರು?” ಹಿಂದೆ ಮುಂದೆ ತಿರುವಿ ನೋಡಿದರೆ ಒಂದೂ ಇಲ್ಲ. ಗ್ರಿಫಿನ್ ಅನ್ನೋ ಪ್ರಾಣಿ ಹೇಳೇ ಬಿಡುತ್ತೆ, ಅದೆಲ್ಲ ಅವಳ ಭ್ರಮೆ, ಇಲ್ಲಿ ಯಾರ ತಲೆಯನ್ನೂ ಯಾವತ್ತೂ ಕಡಿದಿಲ್ಲ ಅಂತ. ರಾಜ ಹಿಂದಿನಿಂದ ಬಂದು ಮೆತ್ತಗೆ ಎಲ್ಲರಿಗೂ ಮಾಫಿ ಕೊಟ್ಟುಬಿಟ್ಟಿರುತ್ತಾನೆ. ಅದು ಗೊತ್ತಾದ ಮೇಲೆ ಅವಳು ರಾಣಿ ಕೂಗಿದಾಗಲೆಲ್ಲ ನಗೋಕೆ ಶುರು ಮಾಡಿದಳು. ಮರುದಿನ ಬೆಳಿಗ್ಗೆ ನಾನು ಹಾಲು ಕುಡಿ ಅಂತ ಗದರಿದಾಗಲೂ ಅದೇ ನಗು. ಅಲ್ಲಿ ನನಗೆ ನಷ್ಟ ಆಯಿತು.

ಲೆಕ್ಕದ ಮೇಷ್ಟ್ರು

ನೋಡಮ್ಮ, ಇದನ್ನು ಬರೆದವನು ಲೆಕ್ಕದ ಮೇಷ್ಟ್ರು ಅನ್ನೋದನ್ನ ಯಾರೂ ಇನ್ನೂ ಹೇಳಲಿಲ್ಲ. ನನಗೆ ಬೇಜಾರಾಯಿತು. ಲೂಯಿಸ್ ಕ್ಯಾರಲ್ ಅನ್ನೋದು ಕಾವ್ಯನಾಮ. ನಿಜ ಹೆಸರು ಚಾರ್ಲ್ಸ್ ಲಟ್ವಿಜ್ ಡಾಜ್‌ಸನ್, ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದ.

ಎರಡನೇ ಅಧ್ಯಾಯದಲ್ಲಿ ಆಲಿಸ್ ಮಗ್ಗಿ ಹೇಳುತ್ತಾಳೆ. ನಾಲ್ಕೈದಲಿ ಹನ್ನೆರಡು, ನಾಲ್ಕಾರಲಿ ಹದಿಮೂರು, ಹೀಗೇ ಹೋದರೆ ನಾನು ಇಪ್ಪತ್ತನ್ನು ಮುಟ್ಟೋದೇ ಇಲ್ಲ ಅಂತ ಅಳುತ್ತಾಳೆ. ಮಕ್ಕಳು ನಗುತ್ತಾರೆ, ದೊಡ್ಡವರು ಮುಂದಿನ ಪುಟಕ್ಕೆ ಹೋಗುತ್ತಾರೆ. ಸ್ವಲ್ಪ ನಿಲ್ಲಿ. ನಾವು ಹತ್ತರ ಗುಂಪು ಮಾಡಿ ಎಣಿಸುತ್ತೇವೆ. ಹದಿನೆಂಟರ ಗುಂಪು ಮಾಡಿ ಎಣಿಸಿ ನೋಡಿ. ನಾಲ್ಕೈದಲಿ ಇಪ್ಪತ್ತು ತಾನೇ? ಅದರಲ್ಲಿ ಹದಿನೆಂಟರ ಒಂದು ಗುಂಪು, ಮಿಕ್ಕಿದ್ದು ಎರಡು. ಬರೆಯುವಾಗ ಒಂದು, ಎರಡು, ಅಂದರೆ 12! ಮುಂದಿನದಕ್ಕೆ ಗುಂಪನ್ನು ಮೂರು ಹೆಚ್ಚಿಸಿ, ಇಪ್ಪತ್ತೊಂದು ಮಾಡಿ. ನಾಲ್ಕಾರಲಿ ಇಪ್ಪತ್ತನಾಲ್ಕು. ಇಪ್ಪತ್ತೊಂದರ ಒಂದು ಗುಂಪು, ಮಿಕ್ಕಿದ್ದು ಮೂರು. 13. ಹೀಗೇ ಪ್ರತಿ ಸಲ ಮೂರು ಮೂರು ಹೆಚ್ಚಿಸುತ್ತಾ ಹೋದರೆ ನಾಲ್ಕು ಹನ್ನೆರಡಲಿ ಹತ್ತೊಂಬತ್ತು ಬರುತ್ತೆ. ಅದರ ಮುಂದಿನದು ಐವತ್ತೆರಡು, ಗುಂಪು ನಲವತ್ತೆರಡು. ಒಂದು ಗುಂಪು, ಮಿಕ್ಕಿದ್ದು ಹತ್ತು. ಇಪ್ಪತ್ತು ಅಂತ ಬರೆಯಲು ಎರಡು ಗುಂಪು ಬೇಕು, ಇರೋದು ಒಂದೇ. ಮಗು ಹೇಳಿದ್ದು ಸರಿ. ಇಪ್ಪತ್ತು ಮುಟ್ಟಲ್ಲ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟೆ. ತಪ್ಪು ಮಗ್ಗಿ ಹೇಳಿದ ಹುಡುಗರ ಕಿವಿ ಹಿಂಡಿದ್ದೇನೆ. ಇದು ಗೊತ್ತಾದದ್ದು ನಿವೃತ್ತಿ ಆದಮೇಲೆ.

ಮೂರನೇ ಬೆಂಚು

ಮೇಷ್ಟ್ರೇ, ನಾನು ಬಹುಶಃ ಹದಿನೆಂಟರ ಗುಂಪಿನಲ್ಲೇ ಎಣಿಸುತ್ತಿದ್ದೆ. ನನ್ನ ಕಿವಿ ವಾಪಸ್ ಕೊಡಿ.

ಥೇಮ್ಸ್ ದಡ

ಆರು ವರ್ಷದಿಂದ ಆಕ್ಸ್‌ಫರ್ಡ್ ಹತ್ತಿರ ಇದ್ದೀನಿ, ಹುಟ್ಟೂರು ಹಾಸನ ಕಡೆ. ಈ ಕಥೆ ಹುಟ್ಟಿದ ದಿನಾಂಕವೇ ಗೊತ್ತಿದೆ, 1862ರ ಜುಲೈ 4. ಡಾಜ್‌ಸನ್, ಅವನ ಗೆಳೆಯ ಡಕ್ವರ್ತ್, ಕಾಲೇಜಿನ ಡೀನ್ ಲಿಡೆಲ್ ಅವರ ಮೂರು ಹೆಣ್ಣುಮಕ್ಕಳು ಫಾಲಿ ಸೇತುವೆ ಹತ್ತಿರ ದೋಣಿ ಹತ್ತಿ ಗಾಡ್‌ಸ್ಟೋ ಕಡೆ ಹೊರಟರು. ಲೊರೀನಾಗೆ ಹದಿಮೂರು, ಆಲಿಸ್‌ಗೆ ಹತ್ತು, ಈಡಿತ್‌ಗೆ ಎಂಟು. ಕಥೆ ಹೇಳು ಅಂತ ಪೀಡಿಸಿದರು, ಬಾಯಿಗೆ ಬಂದ ಹಾಗೆ ಕಟ್ಟುತ್ತಾ ಹೋದ. ಬರೆದುಕೊಡು ಅಂತ ಹಟ ಹಿಡಿದವಳು ಆಲಿಸ್. ಬರೆದು, ತಾನೇ 37 ಚಿತ್ರ ಬಿಡಿಸಿ, 1864ರ ನವೆಂಬರಿನಲ್ಲಿ ಅವಳ ಕೈಗೆ ಕೊಟ್ಟ.

ಆ ದೋಣಿಯಲ್ಲಿದ್ದವರೆಲ್ಲ ಪುಸ್ತಕದಲ್ಲಿದ್ದಾರೆ. ಕಣ್ಣೀರಿನ ಕೊಳದಿಂದ ಎದ್ದು ಬರುವ ಹಕ್ಕಿಗಳಲ್ಲಿ ಬಾತುಕೋಳಿ ಡಕ್ವರ್ತ್, ಲೋರಿ ಗಿಳಿ ಲೊರೀನಾ, ಹದ್ದಿನ ಮರಿ ಈಡಿತ್. ಡೋಡೋ ಅಂದರೆ ಲೇಖಕನೇ. ಇಲ್ಲಿನ ಮ್ಯೂಸಿಯಂನಲ್ಲಿ ನಿಜವಾದ ಡೋಡೋ ಹಕ್ಕಿಯ ತಲೆ, ಕಾಲು ಉಳಿದಿವೆ. ಅವನು ಆ ಮಕ್ಕಳನ್ನು ಅಲ್ಲಿಗೂ ಕರೆದುಕೊಂಡು ಹೋಗುತ್ತಿದ್ದ.

ಒಂದು ವಿಷಯ ಕೇಳಿ ನನಗೆ ಆಶ್ಚರ್ಯವಾಗಿತ್ತು. ಆ ಕೈಬರಹದ ಪುಸ್ತಕದಲ್ಲಿ ಹಲ್ಲು ಕಿರಿಯುವ ಬೆಕ್ಕು ಇಲ್ಲ! ಹುಚ್ಚರ ಟೀ ಪಾರ್ಟಿಯೂ ಇಲ್ಲ. ಎರಡೂ ಅಚ್ಚಿಗೆ ಹೋಗುವ ಮುಂಚೆ ಸೇರಿಸಿದ್ದು. ಅದರ ಹೆಸರೂ ಬೇರೆ, ‘ಆಲಿಸ್‌ಳ ನೆಲದಡಿಯ ಸಾಹಸಗಳು’ ಅನ್ನೋ ಅರ್ಥ ಬರುವಂಥದ್ದು.

ರದ್ದಿ ಅಂಗಡಿ

ನೆಲದಡಿ ಅಂದಿರಲ್ಲ, ಅಲ್ಲಿಗೇ ಬರುತ್ತಿದ್ದೆ. ನಾ. ಕಸ್ತೂರಿಯವರು ಈ ಪುಸ್ತಕವನ್ನು ಕನ್ನಡಕ್ಕೆ ತಂದಾಗ ಇಟ್ಟ ಹೆಸರು ‘ಪಾತಾಳದಲ್ಲಿ ಪಾಪಚ್ಚಿ’. ವಂಡರ್‌ಲ್ಯಾಂಡ್ ಅನ್ನೋದಕ್ಕೆ ಅದ್ಭುತ ಲೋಕ, ಮಾಯಾ ಪ್ರಪಂಚ ಅಂತ ಇಡಬಹುದಿತ್ತು. ಬಿಟ್ಟು ಪಾತಾಳ ಅಂದರು. ಲೇಖಕ ಮೊದಲು ಇಟ್ಟಿದ್ದ ಹೆಸರಿಗೇ ವಾಪಸ್ ಹೋದ ಹಾಗಾಯಿತು ನೋಡಿ. ಆಲಿಸ್ ಅನ್ನೋದರ ಜಾಗದಲ್ಲಿ ಪಾಪಚ್ಚಿ. ಆ ಹೆಸರು ಕೇಳಿದರೇ ಮಗುವನ್ನು ಎತ್ತಿಕೊಳ್ಳಬೇಕು ಅನ್ನಿಸುತ್ತೆ.

ಕಸ್ತೂರಿಯವರ ಮನೆಮಾತು ಮಲಯಾಳಂ. ಕೇರಳದವರು, ಮೈಸೂರಿಗೆ ಬಂದು ಮಹಾರಾಜ ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳಿದರು. ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆ ಕೊರವಂಜಿಯಲ್ಲಿ ಇವರ ಬರಹ ಓದಿ ನಕ್ಕವರು ಈಗಲೂ ಇದ್ದಾರೆ. ಪದಗಳಿಗೆ ಬೇಕಂತಲೇ ಅಡ್ಡ ಅರ್ಥ ಕೊಟ್ಟು ‘ಅನರ್ಥಕೋಶ’ ಅಂತ ನಿಘಂಟನ್ನೇ ಮಾಡಿದ ಮನುಷ್ಯ. ಆಲಿಸ್ ಅಂಥವರ ಕೈಗೇ ಬೀಳಬೇಕಿತ್ತು. ಹೊರಗಿಂದ ಬಂದು ಒಂದು ಭಾಷೆ ಕಲಿತವರಿಗೆ ಅದರ ಪದಗಳು ಆಟದ ಸಾಮಾನಿನ ಹಾಗೆ ಕಾಣುತ್ತವೆ ಅಂತ ನನ್ನ ಅನುಮಾನ. ನಾವು ಅದರಲ್ಲೇ ಹುಟ್ಟಿದವರು, ನಮಗೆ ಅದು ಪಾತ್ರೆ ಪಡಗ.

ಅಟ್ಟದ ಪೆಟ್ಟಿಗೆ

ಪಾಪಚ್ಚಿ! ಮುಂಚೆ ಗೊತ್ತಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಪದದ ಆಟ ಬಂದಲ್ಲೆಲ್ಲ ನಾನು ಒದ್ದಾಡಿದೆ. ಇಲಿ ತನ್ನ ಕಥೆ ಉದ್ದ ಅನ್ನುತ್ತೆ, ಆಲಿಸ್‌ಗೆ ಬಾಲ ಉದ್ದ ಅಂತ ಕೇಳಿಸುತ್ತೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಉಚ್ಚಾರ. ಕನ್ನಡದಲ್ಲಿ ಏನು ಮಾಡೋದು? ಸುಮ್ನೆ ಹಾರಿಸಿಬಿಟ್ಟೆ.

ಮೂರನೇ ಬೆಂಚು

ಹಾರಿಸಬೇಡಿ ಅಕ್ಕಾ, ನನ್ನ ಕೆಲಸವೇ ಇದು.

ಇಲಿ: “ನನ್ನ ಬಾಲ್ಯ ಬಹಳ ಉದ್ದ, ಬಹಳ ದುಃಖದ್ದು.” ಆಲಿಸ್: “ಬಾಲ ಉದ್ದ ಇರೋದು ಕಾಣುತ್ತೆ. ಅದಕ್ಕೆ ದುಃಖ ಯಾಕೆ?”

ಅಟ್ಟದ ಪೆಟ್ಟಿಗೆ

ಅರೆ! ಸರಿಯಾಗಿ ಕೂತಿತು.

ಲೆಕ್ಕದ ಮೇಷ್ಟ್ರು

ಶಭಾಷ್. ಹಾಗಾದರೆ ಪುಸ್ತಕದಲ್ಲಿ ಬರುವ ಅಳುಬುರುಕ ಆಮೆ ಶಾಲೆಯಲ್ಲಿ ಕಲಿತ ನಾಲ್ಕು ಲೆಕ್ಕಗಳನ್ನು ಮಾಡಯ್ಯಾ ನೋಡೋಣ. ಇಂಗ್ಲಿಷಿನಲ್ಲಿ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಲೆಕ್ಕಗಳ ಹೆಸರನ್ನು ತಿರುಚಿ ಮಹತ್ವಾಕಾಂಕ್ಷೆ, ಗಮನ ತಪ್ಪೋದು, ಕುರೂಪ ಮಾಡೋದು, ಗೇಲಿ ಅಂತ ಮಾಡಿದ್ದಾನೆ.

ಮೂರನೇ ಬೆಂಚು

ಹತ್ತು ನಿಮಿಷ ಕೊಡಿ ಮೇಷ್ಟ್ರೇ.

ಮೂರನೇ ಬೆಂಚು

ಬಂದೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಬದಲು: ಕಾಡುವುದು, ಕೊಳೆಯುವುದು, ಗೊಣಗುವುದು, ಬಾಗಿಸುವುದು. ಕೊನೆಯದು ಬೆಂಚಿನ ಮೇಲೆ ಬಾಗಿಸಿ ಹೊಡೆಯುವುದು, ನಮ್ಮ ಶಾಲೆಯಲ್ಲಿ ದಿನಾ ಇತ್ತು.

ಬೋನಸ್ ಒಂದು. ಆ ಆಮೆಗೆ ಮೊದಲ ದಿನ ಹತ್ತು ಗಂಟೆ ಪಾಠ, ಎರಡನೇ ದಿನ ಒಂಬತ್ತು, ಹೀಗೆ ಕಮ್ಮಿ ಆಗುತ್ತಾ ಹೋಗುತ್ತೆ ಅಲ್ವಾ? ಅದಕ್ಕೇ ಅದರ ಹೆಸರು ಕಲಿಕೆ ಅಲ್ಲ, ಕಳಿಕೆ.

ಥೇಮ್ಸ್ ದಡ

ಆ ಆಮೆಯ ಚಿತ್ರಕ್ಕೆ ಕರುವಿನ ತಲೆ ಯಾಕೆ ಇದೆ ಅಂತ ಚಿಕ್ಕಂದಿನಲ್ಲಿ ತಲೆ ಕೆಡಿಸಿಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಆಗ ಶ್ರೀಮಂತರು ಕಡಲಾಮೆಯ ಸೂಪು ಕುಡಿಯುತ್ತಿದ್ದರು. ಅದು ಭಾರಿ ದುಬಾರಿ. ಕೈಗೆಟುಕದವರು ಕರುವಿನ ತಲೆ ಬೇಯಿಸಿ ಅದೇ ರುಚಿ ಬರಿಸಿಕೊಂಡು ‘ಹುಸಿ ಆಮೆ ಸೂಪು’ ಅಂತ ಕರೆದರು. ಕ್ಯಾರಲ್ ಆ ಸೂಪಿನಿಂದ ‘ಹುಸಿ ಆಮೆ’ ಅನ್ನೋ ಪ್ರಾಣಿಯನ್ನೇ ಹುಟ್ಟಿಸಿದ. ಚಿತ್ರ ಬರೆದ ಜಾನ್ ಟೆನಿಯಲ್ ಅದಕ್ಕೆ ಕರುವಿನ ತಲೆ, ಬಾಲ, ಗೊರಸು ಇಟ್ಟ.

ರದ್ದಿ ಅಂಗಡಿ

ಟೆನಿಯಲ್ ಸಾಮಾನ್ಯ ಆಸಾಮಿ ಅಲ್ಲ. 1865ರಲ್ಲಿ ಮೊದಲ 2000 ಪ್ರತಿ ಅಚ್ಚಾದಾಗ ಚಿತ್ರಗಳು ಸರಿಯಾಗಿ ಬಂದಿಲ್ಲ ಅಂತ ತಕರಾರು ತೆಗೆದ. ಕ್ಯಾರಲ್ ಇಡೀ ಮುದ್ರಣವನ್ನೇ ವಾಪಸ್ ಪಡೆದು ಮತ್ತೆ ಅಚ್ಚು ಹಾಕಿಸಿದ. ಆ ಮೊದಲ ಮುದ್ರಣದ ಕೆಲವೇ ಪ್ರತಿಗಳು ಈಗ ಉಳಿದಿವೆ. ಒಂದು ಸಿಕ್ಕಿದ್ದರೆ ನಾನು ಇಲ್ಲಿ ಟೈಪ್ ಮಾಡುತ್ತಾ ಕೂತಿರುತ್ತಿರಲಿಲ್ಲ.

ಗುಬ್ಬಚ್ಚಿ ಗೂಡು

ಸರಿ, ಪದದಾಟ ಚೆನ್ನಾಗಿದೆ, ಒಪ್ಪಿದೆ. ಆದರೆ ಟೀ ಪಾರ್ಟಿಯಲ್ಲಿ ನಗು ಬರೋದು ಏನಿದೆ? ಮೂರು ಜನ ಕೂತು ಒಂದು ಮಗುವಿಗೆ ಅವಮಾನ ಮಾಡುತ್ತಾರೆ. ಒಗಟು ಕೇಳಿ ಉತ್ತರ ನನಗೂ ಗೊತ್ತಿಲ್ಲ ಅನ್ನುತ್ತಾರೆ.

ರದ್ದಿ ಅಂಗಡಿ

ಅಲ್ಲಿ ನಮಗೆ ಒಂದು ಕೊಂಡಿ ತಪ್ಪಿಹೋಗಿದೆ. ಆ ಪಾತ್ರಗಳು ಆಕಾಶದಿಂದ ಬಿದ್ದವಲ್ಲ. ಟೋಪಿ ಮಾಡುವವನ ಹಾಗೆ ಹುಚ್ಚು, ಮಾರ್ಚ್ ತಿಂಗಳ ಮೊಲದ ಹಾಗೆ ಹುಚ್ಚು, ಚೆಷೈರ್ ಬೆಕ್ಕಿನ ಹಾಗೆ ಹಲ್ಲು ಕಿರಿಯೋದು, ಇವೆಲ್ಲ ಆಗಲೇ ಇಂಗ್ಲಿಷ್ ಜನರ ಬಾಯಲ್ಲಿದ್ದ ಮಾತುಗಳು. ಟೋಪಿಯ ತುಪ್ಪಳ ಹದ ಮಾಡಲು ಪಾದರಸ ಬಳಸುತ್ತಿದ್ದರು, ಅದರ ಹೊಗೆ ಕುಡಿದು ಕೈ ನಡುಗಿ ತಲೆ ಕೆಡುತ್ತಿತ್ತು. ಒಟ್ಟಿನಲ್ಲಿ ಗಾದೆಗಳೇ ಎದ್ದು ಬಂದು ಟೀ ಕುಡಿಯುತ್ತಾ ಕೂತಿವೆ. ಅದು ಗೊತ್ತಿದ್ದ ಮಗುವಿಗೆ ಬಾಗಿಲು ತೆರೆದ ಕೂಡಲೇ ನಗು.

ಮೂರನೇ ಬೆಂಚು

ಹಾಗಾದರೆ ಕನ್ನಡದಲ್ಲಿ ಆ ಮೇಜಿನ ಸುತ್ತ ಕೂರಬೇಕಾದವರು ಬೇರೆ. ಮಾರ್ಚ್ ಮೊಲದ ಜಾಗಕ್ಕೆ ‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಅನ್ನೋ ಮೊಲ. ಮೂರು ಕಾಲಲ್ಲಿ ಕುಂಟುತ್ತಾ ಬಂದು ವಾದ ಶುರು ಮಾಡುತ್ತೆ, ಸೋಲೋದೇ ಇಲ್ಲ. ಟೋಪಿಯವನಂತೂ ಕನ್ನಡಕ್ಕೆ ಹೇಳಿ ಮಾಡಿಸಿದ ಹಾಗಿದ್ದಾನೆ. ಉತ್ತರವೇ ಇಲ್ಲದ ಒಗಟು ಕೇಳಿ ಮಗುವಿಗೆ ಟೋಪಿ ಹಾಕಿದ ಅಲ್ವಾ? ಪಕ್ಕದಲ್ಲಿ ಹೆಂಡ ಕುಡಿದ ಕೋತಿ.

ಇನ್ನೂ ಇದೆ. ಅಲ್ಲಿ ಟೋಪಿಯವನಿಗೂ ಕಾಲಕ್ಕೂ ಜಗಳ ಆಗಿ ಗಡಿಯಾರ ಸಂಜೆ ಆರಕ್ಕೇ ನಿಂತುಬಿಟ್ಟಿದೆ.

ಟೋಪಿ: “ನನಗೆ ಒಂದೇ ಕಾಲ, ಸಂಜೆ ಕಾಲ.” ಮೊಲ: “ನನಗೆ ಮೂರೇ ಕಾಲು.” ಆಲಿಸ್: “ನಮ್ಮ ವ್ಯಾಕರಣದಲ್ಲೂ ಮೂರೇ ಕಾಲ.”

ಗುಬ್ಬಚ್ಚಿ ಗೂಡು

ಥೂ, ನಗಿಸಿಬಿಟ್ಟಿರಿ. ಆದರೂ ಇದು ಕ್ಯಾರಲ್‌ಗೆ ಸಿಕ್ಕ ಮಾರ್ಕಲ್ಲ, ಬೆಂಚಿನವರಿಗೆ ಸಿಕ್ಕಿದ್ದು.

ಇನ್ನೊಂದು ಕೇಳಲೇಬೇಕು. ಆ ಮನುಷ್ಯ ಚಿಕ್ಕ ಹೆಣ್ಣುಮಕ್ಕಳ ಫೋಟೋ ತೆಗೆಯುತ್ತಿದ್ದದ್ದು, ಅದರ ಬಗ್ಗೆ ಇರುವ ಮಾತುಗಳು ನಿಮಗೆ ಯಾರಿಗೂ ಕಸಿವಿಸಿ ಅನ್ನಿಸಲ್ವಾ?

ಥೇಮ್ಸ್ ದಡ

ನನಗೆ ಅನ್ನಿಸುತ್ತೆ. 1863ರ ಜೂನ್ ಕೊನೆಯಲ್ಲಿ ಲಿಡೆಲ್ ಕುಟುಂಬಕ್ಕೂ ಅವನಿಗೂ ನಡುವೆ ಏನೋ ಮುರಿಯಿತು. ಅವನ ಡೈರಿಯಲ್ಲಿ ಆ ದಿನಗಳ ಹಾಳೆಯನ್ನೇ ಕತ್ತರಿಸಿದ್ದಾರೆ. ನಾನು ಮಗನಿಗೆ ಪುಸ್ತಕ ಓದಿ ಹೇಳಿದೆ. ಬರೆದವನನ್ನು ಮುದ್ದಾದ ತಾತ ಅಂತ ಮಾತ್ರ ಹೇಳಿಕೊಡಲಿಲ್ಲ.

ಆ ಕೈಬರಹದ ಪುಸ್ತಕವನ್ನು ಆಲಿಸ್ ಮುದುಕಿಯಾಗುವವರೆಗೂ ಇಟ್ಟುಕೊಂಡಿದ್ದಳು. ಗಂಡ ತೀರಿಕೊಂಡ ಮೇಲೆ 1928ರಲ್ಲಿ ಹರಾಜಿಗೆ ಕೊಟ್ಟಳು. 15,400 ಪೌಂಡಿಗೆ ಅಮೆರಿಕಕ್ಕೆ ಹೋಯಿತು. ಇಪ್ಪತ್ತು ವರ್ಷ ಆದಮೇಲೆ ಕೆಲವು ಅಮೆರಿಕನ್ನರು ದುಡ್ಡು ಸೇರಿಸಿ ಕೊಂಡು ಬ್ರಿಟನ್ನಿಗೆ ಉಡುಗೊರೆಯಾಗಿ ವಾಪಸ್ ಕೊಟ್ಟರು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಲೆಕ್ಕದ ಮೇಷ್ಟ್ರು

ಗುಬ್ಬಚ್ಚಿಯವರು ಕನಸಿನ ವಿಷಯ ಎತ್ತಿದ್ದರು, ಯಾರೂ ಉತ್ತರ ಕೊಡಲಿಲ್ಲ. ಕೊನೆಯ ಎರಡು ಅಧ್ಯಾಯ ಮತ್ತೆ ನೋಡಿ. ಅಲ್ಲಿಯವರೆಗೆ ಆಲಿಸ್ ದೊಡ್ಡವಳಾಗೋದು, ಚಿಕ್ಕವಳಾಗೋದು ಎಲ್ಲ ಹೊರಗಿನ ವಸ್ತುವಿನಿಂದ. ಬಾಟಲಿ, ಕೇಕು, ಬೀಸಣಿಗೆ, ಅಣಬೆ. ಕೋರ್ಟಿನಲ್ಲಿ ಮಾತ್ರ ಏನೂ ತಿನ್ನದೆ, ಕುಡಿಯದೆ ಕೂತಲ್ಲೇ ಬೆಳೆಯುತ್ತಾಳೆ. ಪಕ್ಕದಲ್ಲಿದ್ದ, ಇಲಿಯಂಥ ನಿದ್ದೆಬುರುಕ ಡಾರ್‌ಮೌಸ್ ಒತ್ತಬೇಡ ಅನ್ನುತ್ತೆ. ನಾನೇನು ಮಾಡಲಿ, ಬೆಳೀತಿದ್ದೀನಿ ಅನ್ನುತ್ತಾಳೆ. ಇಲ್ಲಿ ಬೆಳೆಯೋ ಹಕ್ಕು ನಿನಗಿಲ್ಲ ಅನ್ನುತ್ತೆ ಅದು.

ಆಮೇಲೆ ರಾಜ 42ನೇ ನಿಯಮ ಓದುತ್ತಾನೆ, ಒಂದು ಮೈಲಿಗಿಂತ ಎತ್ತರ ಇರುವವರು ಕೋರ್ಟು ಬಿಟ್ಟು ಹೋಗಬೇಕು ಅಂತ. ಪುಸ್ತಕದಲ್ಲೇ ಅತಿ ಹಳೆಯ ನಿಯಮ ಇದು ಅಂತಾನೆ. ಹಾಗಾದರೆ ಅದು ಒಂದನೇ ನಂಬರ್ ಆಗಿರಬೇಕಿತ್ತು ಅಂತ ಆಲಿಸ್ ತಿರುಗಿ ಕೇಳುತ್ತಾಳೆ. ರಾಜ ಬಿಳಿಚಿಕೊಂಡು ಪುಸ್ತಕ ಮುಚ್ಚುತ್ತಾನೆ. ನನ್ನ ಕ್ಲಾಸಿನಲ್ಲಿ ಅಂಥ ಹುಡುಗಿಯರು ಇಬ್ಬರು ಮೂವರು ಇದ್ದರು. ನಾನೂ ಪುಸ್ತಕ ಮುಚ್ಚಿದ್ದೇನೆ.

ಅಟ್ಟದ ಪೆಟ್ಟಿಗೆ

ಮೇಷ್ಟ್ರೇ, ಏನೂ ತಿನ್ನದೆ ಬೆಳೆಯೋದನ್ನ ನಾನು ಗಮನಿಸಿರಲೇ ಇಲ್ಲ. ಯುಗಾದಿಗೆ ಹೊಲಿಸಿದ ಲಂಗ ನಿನ್ನೆ ಹಾಕಿ ನೋಡಿದೆ, ಕಾಲಿನ ಗಂಟು ಕಾಣುತ್ತಿದೆ.

ಗುಬ್ಬಚ್ಚಿ ಗೂಡು

ಇನ್ನೊಂದು ಸಲ ಓದುತ್ತೀನಿ ಅಂತ ಮಾತು ಕೊಡಲ್ಲ. ಕೋರ್ಟಿನ ಅಧ್ಯಾಯ ಮಾತ್ರ ನೋಡುತ್ತೀನಿ. ಆ ಅಡುಗೆಮನೆಗೆ ಹೋಗಲ್ಲ.

ರದ್ದಿ ಅಂಗಡಿ

ನೀತಿ ಕಾಲಮ್ ಏನಾಯಿತು? ಇವತ್ತು ಭಾನುವಾರ.

ಅಟ್ಟದ ಪೆಟ್ಟಿಗೆ

ಹೇಳುತ್ತೀನಿ. ಒಂಬತ್ತನೇ ಅಧ್ಯಾಯದಲ್ಲಿ ಡಚೆಸ್ ಮತ್ತೆ ಬರುತ್ತಾಳಲ್ಲ? ಎಲ್ಲದಕ್ಕೂ ಒಂದು ನೀತಿ ಇದೆ, ಹುಡುಕಿದರೆ ಸಿಗುತ್ತೆ ಅನ್ನುವವಳು. ಸಾಸಿವೆ ಮಾತು ಬಂದರೂ ನೀತಿ, ಫ್ಲೆಮಿಂಗೋ ಮಾತು ಬಂದರೂ ನೀತಿ. ಒಂದಕ್ಕೂ ತಲೆಬುಡ ಇಲ್ಲ. ಹಾಗೆ ಹೇಳುತ್ತಾ ತನ್ನ ಚೂಪು ಗದ್ದವನ್ನು ಆಲಿಸ್‌ಳ ಭುಜಕ್ಕೆ ಒತ್ತುತ್ತಿರುತ್ತಾಳೆ. ಆಲಿಸ್‌ಗೆ ನೋವು, ಮರ್ಯಾದೆಗೆ ಸುಮ್ಮನಿರುತ್ತಾಳೆ.

ನಿಮ್ಮ ಉತ್ತರಗಳನ್ನೆಲ್ಲ ನಿನ್ನೆ ರಾತ್ರಿ ಅವಳಿಗೆ ಓದಿ ಹೇಳಿದೆ. ಮೂರು ಕಾಲಿನ ಮೊಲ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಆ ಪುಟ ಮತ್ತೆ ಓದಿಸಿದಳು. ಹಿಂದಿನಿಂದ ಬಂದು ನನ್ನ ಭುಜಕ್ಕೆ ಗದ್ದ ಊರಿ ಒತ್ತಿದಳು. “ಹೀಗಾ ಅಮ್ಮ?” ಹೌದು ಕಣೇ, ಬಿಡು, ನೋಯುತ್ತೆ ಅಂದೆ. ಇನ್ನೂ ಸ್ವಲ್ಪ ಒತ್ತಿ, ಹೋಗಿ ಪೆನ್ಸಿಲ್ ತಗೊಂಡಳು. ನನಗೆ ತೋರಿಸದೆ ಬರೆದು ಬ್ಯಾಗಿಗೆ ಹಾಕಿದಳು.

ಮೂರನೇ ಬೆಂಚು

ಏನು ಬರೆದಳು ಅಕ್ಕಾ? ಸೋಮವಾರ, ಮಂಗಳವಾರ ಎರಡೂ ಆಯಿತು.

ಅಟ್ಟದ ಪೆಟ್ಟಿಗೆ

ನೋಟ್‌ಬುಕ್ ಇವತ್ತು ವಾಪಸ್ ಬಂತು. ಕಥೆಯ ನೀತಿ: ಗದ್ದ ಚುಚ್ಚಬಾರದು.

ಟೀಚರ್ ರೈಟ್ ಹಾಕಿದ್ದಾರೆ.